ನಕ್ಷೆಯ ಗೆರೆ ನಮ್ಮ ಬೀದಿ ದಾಟಿದೆ, ಈಗೇನು ಮಾಡೋದು?

ಪ್ರಶ್ನೆ: ಸರ್, ನಾವು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ವೇಕ್ ಕೌಂಟಿಯ ಏಪೆಕ್ಸ್ ಹತ್ತಿರ ಇದ್ದೇವೆ. ಮೂರು ವರ್ಷದ ಹಿಂದೆ ಶಾಲೆ ನೋಡಿಯೇ ಮನೆ ತೆಗೆದುಕೊಂಡೆವು. ಮಗ ನಾಲ್ಕನೇ ತರಗತಿ, ಮಗಳು ಮುಂದಿನ ವರ್ಷ ಕಿಂಡರ್‌ಗಾರ್ಟನ್. ಯಾವ ಬಡಾವಣೆಯ ಮಕ್ಕಳು ಯಾವ ಶಾಲೆಗೆ ಅಂತ ಈಗ ಬಂದಿರುವ ಕರಡು ನಕ್ಷೆಯಲ್ಲಿ ನಮ್ಮ ಬಡಾವಣೆಯನ್ನು ಆರು ಮೈಲಿ ಆಚೆ ಕಟ್ಟುತ್ತಿರುವ ಹೊಸ ಶಾಲೆಗೆ ಹಾಕಿದ್ದಾರೆ. ಅದು ಇಯರ್ ರೌಂಡ್ ಶಾಲೆಯಂತೆ, ಉದ್ದನೆಯ ಬೇಸಿಗೆ ರಜೆ ಇರೋದಿಲ್ಲವಂತೆ. ಈಗಿನ ಶಾಲೆ ಎರಡು ಮೈಲಿಯೂ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ದಿನಾ ಜಗಳ. ಮನೆ ಬೆಲೆ ಬೀಳುತ್ತೆ ಅಂತ ಕೆಲವರು, ‘ಆ ಬಾಡಿಗೆ ಅಪಾರ್ಟ್‌ಮೆಂಟ್ ಮಕ್ಕಳನ್ನ ಕಳಿಸಲಿ, ನಮ್ಮನ್ನ ಯಾಕೆ’ ಅಂತ ಇನ್ನು ಕೆಲವರು. ನಮ್ಮದು ಎಚ್-1ಬಿ, ಇಲ್ಲಿ ವೋಟಿಲ್ಲ. ನಾವು ಶಾಲಾ ಮಂಡಳಿಯ ಮೀಟಿಂಗಿಗೆ ಹೋಗಿ ಮಾತಾಡಿದರೆ ಏನಾದರೂ ಆಗುತ್ತಾ? ಇಲ್ಲಾ ಸುಮ್ನೆ ಮನೆ ಮಾರಿ ಹೋಗೋದೇ ವಾಸಿಯಾ?

ಉತ್ತರ: ಮನೆ ಮಾರಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಕಾಗದ ಬಂದಾಗಲೆಲ್ಲ ಕೊನೆಯ ಸಾಲು ಇದೇ ಇರುತ್ತೆ. ನೀವು ಹೋಗಿ ಸೇರುವ ಹೊಸ ಬಡಾವಣೆಯ ಗೆರೆಯೂ ನಾಲ್ಕು ವರ್ಷಕ್ಕೆ ಸರಿಯುತ್ತದೆ. ಬೆಳೆಯುವ ಕೌಂಟಿಯಲ್ಲಿ ಶಾಲೆಯ ಗಡಿ ಅನ್ನೋದು ಗೋಡೆಯಲ್ಲ, ಸೀಮೆಸುಣ್ಣದ ಗೆರೆ.

ನಾನು ಬೇರೊಂದು ರಾಜ್ಯದ ಶಾಲಾ ಜಿಲ್ಲೆಯಲ್ಲಿ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸುವ ಸಂಸ್ಥೆ) ಹದಿನಾಲ್ಕು ವರ್ಷ ಇಂಥ ನಕ್ಷೆಗಳನ್ನೇ ಬಿಡಿಸಿದವನು. ಅಂದರೆ ನಿಮ್ಮ ಗುಂಪಿನಲ್ಲಿ ಈಗ ಬೈಸಿಕೊಳ್ಳುತ್ತಿರುವ ಆ ‘ಆಫೀಸಿನವರು’ ಇದ್ದಾರಲ್ಲ, ನಾನೂ ಆ ಜಾತಿಯವನೇ. ಮೇಜಿನ ಆ ಕಡೆ ಕೂತಾಗ ಯಾವ ಮಾತು ಕಿವಿಗೆ ಬೀಳುತ್ತಿತ್ತು, ಯಾವುದು ಬೀಳುತ್ತಿರಲಿಲ್ಲ ಅಂತ ಗೊತ್ತು. ಅದನ್ನೇ ಬರೆಯುತ್ತೇನೆ.

ಮೊದಲು, ಇದು ಯಾಕಾಗುತ್ತಿದೆ ಅಂತ. ವೇಕ್ ಕೌಂಟಿಯಲ್ಲಿ 2000ದ ಜನಗಣತಿಯ ಹೊತ್ತಿಗೆ ಸುಮಾರು 6.28 ಲಕ್ಷ ಜನ ಇದ್ದರು. 2020ಕ್ಕೆ 11.29 ಲಕ್ಷ. ಆ ಬಂದವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಮಾರಿಸ್‌ವಿಲ್, ಕ್ಯಾರಿ, ಏಪೆಕ್ಸ್ ಕಡೆ ಯಾವ ದಿನಸಿ ಅಂಗಡಿಗೆ ಹೋದರೂ ಕನ್ನಡ ಕಿವಿಗೆ ಬೀಳುತ್ತೆ ಅಲ್ವಾ. ಈಗ ಅಲ್ಲಿನ ಶಾಲಾ ಜಿಲ್ಲೆಯಲ್ಲಿ ಹತ್ತಿರ ಹತ್ತಿರ 200 ಶಾಲೆ, 1.6 ಲಕ್ಷದಷ್ಟು ಮಕ್ಕಳು. ಇಷ್ಟು ದೊಡ್ಡ ಲೆಕ್ಕದಲ್ಲಿ ಮಕ್ಕಳು ಎಲ್ಲಾ ಕಡೆ ಸಮವಾಗಿ ಹುಟ್ಟಿಕೊಳ್ಳುವುದಿಲ್ಲ. ಒಂದು ಮೂಲೆಯಲ್ಲಿ ನಾನೂರು ಮನೆ ಏಳುತ್ತೆ, ಆ ಮೂಲೆಯ ಶಾಲೆ ತುಂಬುತ್ತೆ, ಹಿಂದುಗಡೆ ಟ್ರೇಲರ್ ತಂದು ನಿಲ್ಲಿಸಿ ಅದರಲ್ಲಿ ತರಗತಿ ನಡೆಸುತ್ತಾರೆ, ಅದೂ ಸಾಲದೆ ಹೋದಾಗ ಶಾಲೆಗೆ ‘ಕ್ಯಾಪ್’ ಹಾಕುತ್ತಾರೆ. ಕ್ಯಾಪ್ ಬಿದ್ದ ಶಾಲೆಯ ಎದುರು ಮನೆ ಕೊಂಡು ಬಂದವರ ಮಗುವಿಗೂ ಅಲ್ಲಿ ಸೀಟಿಲ್ಲ, ಓವರ್‌ಫ್ಲೋ ಶಾಲೆಗೆ ಹೋಗು ಅನ್ನುತ್ತಾರೆ. ನಿಮ್ಮದು ಇನ್ನೂ ಆ ಹಂತಕ್ಕೆ ಬಂದಿಲ್ಲ, ಅದಕ್ಕೆ ಮೊದಲೇ ನಕ್ಷೆ ಬದಲಿಸುತ್ತಿದ್ದಾರೆ.

‘ಹಾಗಾದ್ರೆ ಅಷ್ಟೊಂದು ಮನೆ ಕಟ್ಟೋಕೆ ಒಪ್ಪಿಗೆ ಕೊಟ್ಟಿದ್ದೇ ಯಾಕೆ’ ಅಂತ ಮೀಟಿಂಗಿನಲ್ಲಿ ಯಾರಾದರೊಬ್ಬರು ಎದ್ದು ಕೂಗೇ ಕೂಗುತ್ತಾರೆ. ನ್ಯಾಯವಾದ ಪ್ರಶ್ನೆಯೇ, ಆದರೆ ಕೇಳಿದ ಜಾಗ ತಪ್ಪು. ಮನೆಗಳಿಗೆ ಒಪ್ಪಿಗೆ ಕೊಡೋದು ಊರಿನ ಟೌನ್ ಕೌನ್ಸಿಲ್. ಶಾಲೆ ಕಟ್ಟೋಕೆ ದುಡ್ಡು ಕೊಡೋದು ಕೌಂಟಿ ಕಮಿಷನರುಗಳು. ಶಾಲಾ ಮಂಡಳಿಯ ಒಂಬತ್ತು ಜನರಿಗೆ ತೆರಿಗೆ ಹಾಕುವ ಅಧಿಕಾರವೂ ಇಲ್ಲ, ಬಡಾವಣೆ ತಡೆಯುವ ಅಧಿಕಾರವೂ ಇಲ್ಲ. ಬಂದ ಮಕ್ಕಳನ್ನು ಎಲ್ಲಿ ಕೂರಿಸೋದು ಅನ್ನೋದಷ್ಟೇ ಅವರ ಪಾಲಿಗೆ ಬಂದಿರುವ ಕೆಲಸ. ಅದೇ ರಾಜ್ಯದ ಕಬಾರಸ್ ಕೌಂಟಿಯವರು ‘ಶಾಲೆಯಲ್ಲಿ ಜಾಗ ಇಲ್ಲದಿದ್ದರೆ ಬಿಲ್ಡರ್ ದುಡ್ಡು ಕಟ್ಟಲಿ, ಆಮೇಲೆ ಮನೆ ಕಟ್ಟಲಿ’ ಅಂತ ನಿಯಮ ಮಾಡಿದ್ದರು. 2012ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೌಂಟಿಗೆ ಆ ಅಧಿಕಾರವೇ ಇಲ್ಲ ಅಂತ ಅದನ್ನು ಹೊಡೆದುಹಾಕಿತು. ಹಾಗಾಗಿ ಉಳಿದಿರೋದು ಬಾಂಡ್ ದಾರಿ, ಅಂದರೆ ಮತದಾರರ ಒಪ್ಪಿಗೆ ಪಡೆದು ಸಾಲ ಎತ್ತೋದು. 2022ರ ನವೆಂಬರಿನಲ್ಲಿ ವೇಕ್ ಮತದಾರರು ಸುಮಾರು 53 ಕೋಟಿ ಡಾಲರಿನ ಶಾಲಾ ಬಾಂಡಿಗೆ ಹೂಂ ಅಂದರು. ಅಂಥ ದುಡ್ಡಿನಲ್ಲೇ ಹೊಸ ಶಾಲೆಗಳು ಏಳೋದು. ಹೊಸ ಶಾಲೆ ಬಂತು ಅಂದಮೇಲೆ ಅದನ್ನು ತುಂಬಿಸಲೇಬೇಕು, ತುಂಬಿಸೋಕೆ ಯಾರದೋ ಬೀದಿಯನ್ನು ಎತ್ತಲೇಬೇಕು.

ಇನ್ನು ‘ಬಸ್ಸಿಂಗ್’ ಅನ್ನೋ ಪದ. ನಿಮ್ಮ ಗುಂಪಿನಲ್ಲಿ ಯಾರೋ ‘ಮತ್ತೆ ಬಸ್ಸಿಂಗ್ ತರ್ತಿದ್ದಾರೆ’ ಅಂತ ಬರೆದಿರಬೇಕು. ಅಲ್ಲಿನ ಹಳಬರಿಗೆ ಆ ಪದ ಬರೀ ಬಸ್ಸಿನ ಮಾತಲ್ಲ. ಅದರ ಕಥೆಯ ಒಂದು ಎಳೆ ನಮ್ಮ ಇಂಡಿಯಾಕ್ಕೂ ಬಂದು ತಾಗುತ್ತೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಡೇರಿಯಸ್ ಸ್ವಾನ್, ವೀರಾ ಸ್ವಾನ್ ಅಂತ ಗಂಡ ಹೆಂಡತಿ, ಕಪ್ಪು ಜನಾಂಗದ ಮಿಷನರಿಗಳು. ಇಂಡಿಯಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ 1964ರಲ್ಲಿ ಇದೇ ನಾರ್ತ್ ಕೆರೊಲಿನಾದ ಷಾರ್ಲೆಟ್‌ಗೆ ವಾಪಸ್ ಬಂದರು. ಅವರ ಮಗ ಜೇಮ್ಸ್‌ಗೆ ಆಗ ಆರು ವರ್ಷ. ಇಂಡಿಯಾದಲ್ಲಿ ಎಲ್ಲಾ ಬಣ್ಣದ ಮಕ್ಕಳ ಜೊತೆ ಬೆಳೆದವನು. ಇಲ್ಲಿ ಮನೆಗೆ ಹತ್ತಿರದಲ್ಲೇ ಸೆವರ್ಸ್‌ವಿಲ್ ಅಂತ ಶಾಲೆ, ಅಲ್ಲಿ ಬಿಳಿ, ಕಪ್ಪು ಎರಡೂ ಮಕ್ಕಳಿದ್ದರು. ಆದರೆ ಜೇಮ್ಸ್‌ನನ್ನು ಹಾಕಿದ್ದು ಕಪ್ಪು ಮಕ್ಕಳೇ ಇದ್ದ ಬಿಡಲ್‌ವಿಲ್ ಶಾಲೆಗೆ. ಹತ್ತಿರದ ಶಾಲೆಗೆ ಹಾಕಿ ಅಂತ ಅಪ್ಪ ಅಮ್ಮ ಕೇಳಿದರು, ಮಂಡಳಿ ಒಪ್ಪಲಿಲ್ಲ. 1965ರಲ್ಲಿ ಕೇಸು ಹೂಡಿದರು. ಅದು ಮೇಲೆ ಮೇಲೆ ಹೋಗಿ 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮಕ್ಕಳನ್ನು ಬಣ್ಣದ ಮೇಲೆ ಬೇರೆ ಮಾಡಿಟ್ಟಿರುವ ಜಿಲ್ಲೆಗಳು ಅವರನ್ನು ಕೂಡಿಸೋದಕ್ಕೆ ಬಸ್ಸು ಬಳಸಬಹುದು ಅಂತ ಒಮ್ಮತದಿಂದ ತೀರ್ಪು ಕೊಟ್ಟಿತು. ದೇಶದ ತುಂಬಾ ಬಸ್ಸಿಂಗ್ ಅಂತ ಗಲಾಟೆ ಎದ್ದಿದ್ದೆಲ್ಲ ಅದರ ಹಿಂದೆಯೇ. ಈಗ ನೋಡಿ, ಎಲ್ಲರೂ ಬಸ್ಸಿಂಗ್ ಅಂದರೆ ‘ಹತ್ತಿರದ ಶಾಲೆ ಕಿತ್ತುಕೊಳ್ಳೋದು’ ಅಂದುಕೊಂಡಿದ್ದಾರೆ. ಆ ಕೇಸು ಶುರುವಾಗಿದ್ದೇ ಹತ್ತಿರದ ಶಾಲೆ ಬೇಕು ಅಂತ ಕೇಳಿದ ಒಂದು ಮನೆಯಿಂದ!

ವೇಕ್ ಕೌಂಟಿಯದು ಇನ್ನೊಂದು ದಾರಿ. ಅಲ್ಲಿ ರಾಲೀ ನಗರದ ಶಾಲೆಗಳೂ ಸುತ್ತಲ ಕೌಂಟಿ ಶಾಲೆಗಳೂ ಬೇರೆ ಬೇರೆ ಇದ್ದವು. 1976ರಲ್ಲಿ ಎರಡನ್ನೂ ಸೇರಿಸಿ ಒಂದು ಮಾಡಿದರು. ಜನ ಇದಕ್ಕೆ ಮೊದಲು ಬೇಡ ಅಂತಲೇ ಮತ ಹಾಕಿದ್ದರು, ಆದರೂ ರಾಜ್ಯದ ಶಾಸನಸಭೆ ದಾರಿ ಮಾಡಿಕೊಟ್ಟಿತು. ಇದು ಯಾಕೆ ದೊಡ್ಡ ವಿಷಯ ಅಂದರೆ, 1974ರಲ್ಲಿ ಡೆಟ್ರಾಯಿಟ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಬಸ್ಸುಗಳು ಜಿಲ್ಲೆಯ ಗಡಿ ದಾಟಬೇಕಿಲ್ಲ ಅಂದುಬಿಟ್ಟಿತ್ತು. ಬೇರೆ ಕಡೆ ದುಡ್ಡಿದ್ದವರು ನಗರ ಬಿಟ್ಟು ಪಕ್ಕದ ಜಿಲ್ಲೆಗೆ ಹೋದರೆ ಮುಗೀತು. ವೇಕ್‌ನಲ್ಲಿ ಹಾಗೆ ಜಾರಿಕೊಳ್ಳೋಕೆ ಆಗಲಿಲ್ಲ, ಎಲ್ಲಿ ಮನೆ ಮಾಡಿದರೂ ಅದೇ ಜಿಲ್ಲೆ. 1982ರಿಂದ ನಗರದೊಳಗಿನ ಶಾಲೆಗಳನ್ನು ಮ್ಯಾಗ್ನೆಟ್ ಶಾಲೆ (ವಿಶೇಷ ಪಾಠಗಳಿಂದ ಮಕ್ಕಳನ್ನು ಸೆಳೆಯುವ ಶಾಲೆ) ಮಾಡಿ ಹೊರಗಿನ ಮಕ್ಕಳು ತಾವಾಗಿ ಬರುವಂತೆ ಮಾಡಿದರು. 2000ದಲ್ಲಿ ಬಣ್ಣದ ಲೆಕ್ಕ ಬಿಟ್ಟು ಆದಾಯದ ಲೆಕ್ಕ ಹಿಡಿದರು: ಯಾವ ಶಾಲೆಯಲ್ಲೂ ಉಚಿತ ಅಥವಾ ಕಡಿಮೆ ದರದ ಊಟ ಪಡೆಯುವ ಮಕ್ಕಳು ನೂರಕ್ಕೆ 40ಕ್ಕಿಂತ ಜಾಸ್ತಿ ಇರಬಾರದು ಅನ್ನೋದು ಗುರಿ. 2009ರ ಚುನಾವಣೆಯಲ್ಲಿ ಇದರ ವಿರುದ್ಧ ನಿಂತವರು ಗೆದ್ದರು, 2010ರ ಮಾರ್ಚಿನಲ್ಲಿ 5-4 ಮತದಿಂದ ಆ ನೀತಿ ಕೈಬಿಟ್ಟರು. ಸಭೆಗಳಲ್ಲಿ ಪ್ರತಿಭಟನೆ ಆಯಿತು, ಜನ ಅರೆಸ್ಟ್ ಆದರು. 2011ರಲ್ಲಿ ಮತ್ತೆ ಮತದಾರರು ಮಂಡಳಿಯನ್ನು ತಿರುಗಿಸಿದರು. ನೀವು ಬರುವ ಮೊದಲು ನಡೆದದ್ದು ಇದೆಲ್ಲ. ಆದರೆ ಮೀಟಿಂಗಿನಲ್ಲಿ ನಿಮ್ಮ ಪಕ್ಕ ಕೂರುವ ಅರುವತ್ತು ದಾಟಿದ ಅಜ್ಜಿಗೆ ಎಲ್ಲಾ ನೆನಪಿರುತ್ತೆ. ನೀವು ‘ನಮ್ಮ ಮಕ್ಕಳನ್ನ ಬಸ್ಸಿಂಗ್ ಮಾಡಬೇಡಿ’ ಅಂದರೆ ಆಕೆಯ ಕಿವಿಗೆ ಬೀಳೋದು ಬೇರೆಯೇ ಮಾತು.

ಅದಕ್ಕೇ ಆ ‘ಅಪಾರ್ಟ್‌ಮೆಂಟ್ ಮಕ್ಕಳನ್ನ ಕಳಿಸಿ’ ಅನ್ನೋ ವಾದ ಬಿಟ್ಟುಬಿಡಿ. ಗುಂಪಿನಲ್ಲಿ ಅದನ್ನ ಬರೆದವರಿಗೂ ಹೇಳಿ. ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಕೇರಿ ಬೇರೆ, ಬೀದಿ ಬೇರೆ ಅಂತ ಮಕ್ಕಳನ್ನ ಬೇರೆ ಕೂರಿಸಿದ ಊರುಗಳಿಂದ ಬಂದವರು ನಾವು. ಏಪೆಕ್ಸ್‌ನಲ್ಲಿ ಒಂದು ಮನೆ ಕೊಂಡ ತಕ್ಷಣ ಅದೇ ಭಾಷೆ ಇಂಗ್ಲಿಷಿನಲ್ಲಿ ಬಾಯಿಗೆ ಬಂದರೆ ಏನನ್ನೋದು? ನೀವೂ ಬಂದ ಮೊದಲೆರಡು ವರ್ಷ ಅಪಾರ್ಟ್‌ಮೆಂಟಿನಲ್ಲೇ ಇದ್ದಿರಿ ಅಂತ ಕಾಣುತ್ತೆ, ಎಲ್ಲರೂ ಹಾಗೇ. ನೀತಿ ಪಕ್ಕಕ್ಕಿರಲಿ ಅಂದರೂ ಲೆಕ್ಕಕ್ಕೂ ಅದು ನಿಲ್ಲೋದಿಲ್ಲ. ಅಪಾರ್ಟ್‌ಮೆಂಟಿನವರಲ್ಲಿ ಕಾರಿಲ್ಲದ ಮನೆಗಳು ಜಾಸ್ತಿ. ಆರು ಮೈಲಿ ಆಚೆ ಮಗುವಿಗೆ ಜ್ವರ ಬಂದಾಗ ಹೋಗಿ ಕರೆತರೋದು ಅವರಿಗೆ ನಿಮಗಿಂತ ಕಷ್ಟ. ನಕ್ಷೆ ಮಾಡುವವರು ಅದನ್ನು ನೋಡಿಯೇ ನೋಡುತ್ತಾರೆ.

ಹಾಗಾದರೆ ಯಾವ ಮಾತು ನಡೆಯುತ್ತೆ? ಬಸ್ಸಿನ ಮಾತು ನಡೆಯುತ್ತೆ. ಮೈಲಿಯಲ್ಲ, ನಿಮಿಷ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಮ್ಮೆ ನಾಲ್ಕು ಲೇನಿನ ಹೆದ್ದಾರಿಯ ಎರಡೂ ಬದಿಯ ಬಡಾವಣೆಗಳನ್ನು ಒಂದೇ ಶಾಲೆಗೆ ಹಾಕಿದ್ದೆ. ಕಂಪ್ಯೂಟರಿನಲ್ಲಿ ಬಸ್ ಪ್ರಯಾಣ 22 ನಿಮಿಷ ಅಂತ ಬಂತು, ಚೆನ್ನಾಗಿದೆ ಅಂದುಕೊಂಡೆ. ಒಬ್ಬ ತಾಯಿ ಸಭೆಗೆ ಬಂದು ಕೂಗಾಡಲಿಲ್ಲ, ಒಂದು ಹಾಳೆ ಕೊಟ್ಟರು. ಐದು ದಿನ ಬೆಳಗ್ಗೆ ತಮ್ಮ ಕಾರಿನಲ್ಲಿ ಅದೇ ದಾರಿ ಹೋಗಿ, ನಿಲ್ದಾಣ ಇರಬಹುದಾದ ಕಡೆಯೆಲ್ಲ ಅರ್ಧ ನಿಮಿಷ ನಿಂತು, ಹೊತ್ತು ಬರೆದುಕೊಂಡಿದ್ದರು. 41, 38, 44, 40, 47. ನಂಬಿಕೆ ಬರಲಿಲ್ಲ. ಮಾರನೇ ದಿನ ಆರೂ ಮುಕ್ಕಾಲಿಗೆ, ಇನ್ನೂ ಕತ್ತಲು, ನಾನೇ ಹೋಗಿ ಅಲ್ಲಿ ನಿಂತೆ. ವಿಷಯ ಏನಪ್ಪಾ ಅಂದರೆ, ನಡುವೆ ಮೀಡಿಯನ್ ಇರುವ ಹೆದ್ದಾರಿಯಲ್ಲಿ ಸ್ಕೂಲ್ ಬಸ್ಸು ಸ್ಟಾಪ್ ಬೋರ್ಡ್ ಚಾಚಿದರೂ ಎದುರು ಕಡೆಯ ಗಾಡಿಗಳು ನಿಲ್ಲಬೇಕಾಗಿಲ್ಲ. ನಾರ್ತ್ ಕೆರೊಲಿನಾದಲ್ಲೂ ಕಾನೂನು ಹಾಗೇ ಇದೆ. ಹಾಗಾಗಿ ಮಗು ರಸ್ತೆ ದಾಟುವ ಹಾಗೆ ಮಾಡೋಕಾಗಲ್ಲ, ಬಸ್ಸೇ ಮುಂದೆ ಹೋಗಿ ತಿರುಗಿಸಿಕೊಂಡು ಬಂದು ಆ ಬದಿಯ ಮಕ್ಕಳನ್ನು ಹತ್ತಿಸಿಕೊಳ್ಳಬೇಕು. ಆ ಯು-ಟರ್ನು, ಸಿಗ್ನಲ್ ಇಲ್ಲದ ಒಂದು ಎಡ ತಿರುವು (ಅಮೆರಿಕದಲ್ಲಿ ಎದುರು ಬರುವ ಗಾಡಿಗಳನ್ನು ದಾಟಿ ತಿರುಗಬೇಕಾದ್ದು ಎಡಕ್ಕೆ), ಎರಡೇ ಸೇರಿ ಹದಿನಾರು ನಿಮಿಷ ತಿಂದವು. ಗೆರೆಯನ್ನು ಹೆದ್ದಾರಿಯ ಮೇಲೇ ಎಳೆದು ನಕ್ಷೆ ಬದಲಿಸಿದೆವು. ಆ ಸಭೆಯಲ್ಲಿ ಮೈಕ್ ಹಿಡಿದು ಕೂಗಿದವರು ನೂರಾರು ಜನ, ಅವರಲ್ಲಿ ಒಬ್ಬರ ಮಾತೂ ಈಗ ನೆನಪಿಲ್ಲ.

ನಿಮ್ಮ ಕಡೆಯೂ 64, 55, 540 ಅಂತ ದೊಡ್ಡ ರಸ್ತೆಗಳ ಜಾಲವೇ ಇದೆ. ಹೊಸ ಶಾಲೆಗೆ ಹೋಗುವ ದಾರಿ ಅವುಗಳಲ್ಲಿ ಯಾವುದನ್ನು ಎಲ್ಲಿ ದಾಟುತ್ತೆ, ಬೆಳಗಿನ ಆ ಹೊತ್ತಿಗೆ ಎಡಕ್ಕೆ ತಿರುಗೋಕೆ ಎಷ್ಟು ಹೊತ್ತಾಗುತ್ತೆ, ನೋಡಿ ಬರೆದುಕೊಳ್ಳಿ. ಒಂದೇ ಬಸ್ಸು ಬೆಳಗ್ಗೆ ಎರಡು ಮೂರು ಶಾಲೆಗೆ ಓಡುತ್ತೆ ಅನ್ನೋದೂ ಗೊತ್ತಿರಲಿ. ಹೈಸ್ಕೂಲಿನವರನ್ನು ಇಳಿಸಿ, ಆಮೇಲೆ ಇನ್ನೊಂದು ಶಾಲೆ, ಆಮೇಲೆ ಮತ್ತೊಂದು. ಮೊದಲ ಓಟ ಹತ್ತು ನಿಮಿಷ ತಡವಾದರೆ ಮೂರನೆಯದು ಅರ್ಧ ಗಂಟೆ. ಡ್ರೈವರ್‌ಗಳ ಕೊರತೆ ಬೇರೆ. 2021ರ ಅಕ್ಟೋಬರ್ ಕೊನೆಯಲ್ಲಿ ವೇಕ್‌ನ ಡ್ರೈವರ್‌ಗಳು ಸಂಬಳ ಸಾಲದು ಅಂತ ಒಟ್ಟಿಗೆ ರಜೆ ಹಾಕಿದಾಗ ಅಪ್ಪ ಅಮ್ಮಂದಿರು ಪಟ್ಟ ಪಾಡು ಅಲ್ಲಿನ ಹಳಬರನ್ನು ಕೇಳಿ. ಬಸ್ಸಿಗೆ 72 ಸೀಟು ಅಂತ ಬರೆದಿರುತ್ತೆ, ಅದು ಸೀಟಿಗೆ ಮೂವರು ಪುಟ್ಟ ಮಕ್ಕಳ ಲೆಕ್ಕ. ಸ್ವಲ್ಪ ದೊಡ್ಡ ಮಕ್ಕಳಾದರೆ ಸೀಟಿಗಿಬ್ಬರು, 48. ಹೊಸ ಶಾಲೆಯ ಬೆಲ್ ಎಷ್ಟಕ್ಕೆ, ನಮ್ಮ ಬಸ್ಸು ಎಷ್ಟನೇ ಓಟ, ಮೊದಲ ನಿಲ್ದಾಣ ಎಷ್ಟಕ್ಕೆ ಅಂತ ಮೂರು ಪ್ರಶ್ನೆ ಕೇಳಿದರೆ ಎದುರಿಗಿರುವವರು ಪೆನ್ನು ಎತ್ತಿಕೊಳ್ಳುತ್ತಾರೆ.

ಆದರೂ ಒಂದು ಮಾತು. ಆರು ಮೈಲಿ ಅಂತ ತೀರಾ ಗಾಬರಿ ಬೇಡ. ಬೆಂಗಳೂರಿನಲ್ಲಿ ನಮ್ಮಕ್ಕನ ಮೊಮ್ಮಗ ದಿನಾ ಒಂದೂಕಾಲು ಗಂಟೆ ಸ್ಕೂಲ್ ಬಸ್ಸಿನಲ್ಲಿ ಕೂರುತ್ತಾನೆ, ಅದಕ್ಕೆ ಅವರಪ್ಪ ಕೈಯಾರೆ ದುಡ್ಡು ಕಟ್ಟುತ್ತಾನೆ. ಒಳ್ಳೇ ಶಾಲೆ ಅಂತ ನಾವೇ ಆರಿಸಿಕೊಂಡಾಗ ದೂರ ಕಾಣೋದಿಲ್ಲ.

ಮಕ್ಕಳಿಬ್ಬರ ವಿಷಯ ಬೇರೆ ಬೇರೆಯಾಗಿ ನೋಡಿ. ನಕ್ಷೆ ಬದಲಾದಾಗ, ಈಗ ಓದುತ್ತಿರುವ ಶಾಲೆಯಲ್ಲೇ ಮುಂದುವರಿಯೋಕೆ ಅರ್ಜಿ ಹಾಕುವ ಅವಕಾಶ ವೇಕ್‌ನಲ್ಲಿ ಸಾಮಾನ್ಯವಾಗಿ ಇರುತ್ತೆ, ಸ್ಟೆಬಿಲಿಟಿ ಟ್ರಾನ್ಸ್‌ಫರ್ ಅನ್ನುತ್ತಾರೆ. ಮಗನಿಗೆ ಐದನೇ ತರಗತಿ ಒಂದೇ ವರ್ಷ ಬಾಕಿ. ಅವನು ಅಲ್ಲೇ ಮುಗಿಸಲಿ ಅಂತ ನಿಮಗನ್ನಿಸಿದರೆ ಗಡುವು ನೋಡಿಕೊಂಡು ಅರ್ಜಿ ಹಾಕಿ. ಆದರೆ ಹೀಗೆ ಉಳಿದವರಿಗೆ ಬಸ್ಸು ಸಿಗುತ್ತೆ ಅಂತ ನೆಚ್ಚಿಕೊಳ್ಳಬೇಡಿ. ಕಾರಿನ ಸಾಲಿನಲ್ಲಿ, ಅಲ್ಲಿನವರು ಕಾರ್‌ಪೂಲ್ ಅನ್ನುತ್ತಾರಲ್ಲ, ಅದರಲ್ಲಿ ದಿನಾ ಎರಡು ಹೊತ್ತು ನೀವೇ ನಿಲ್ಲಬೇಕು. ಮಗಳು ಹೊಸ ಶಾಲೆಗೆ, ಮಗ ಹಳೇ ಶಾಲೆಗೆ ಅಂತಾದರೆ ಎರಡು ಬೆಲ್ಲು, ಎರಡು ಕ್ಯಾಲೆಂಡರು. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಒಂದು ವರ್ಷ ಅಂದರೂ ಹೈರಾಣಾಗುತ್ತೀರಿ. ಸಭೆಯಲ್ಲಿ ನೀವು ಕೇಳಬೇಕಾದ್ದು ಇದನ್ನೇ: ಕೊನೆಯ ವರ್ಷದ ಮಕ್ಕಳಿಗೆ ಆ ಒಂದು ವರ್ಷ ಬಸ್ಸು ಬಿಡುತ್ತೀರಾ, ಅವರ ತಮ್ಮ ತಂಗಿಯರನ್ನೂ ಜೊತೆಗೆ ಉಳಿಸುತ್ತೀರಾ. ನಕ್ಷೆ ಪೂರ್ತಿ ಬದಲಿಸಿ ಅನ್ನೋದಕ್ಕಿಂತ ಇದಕ್ಕೆ ಹೂಂ ಅನ್ನಿಸಿಕೊಳ್ಳೋದು ಎಷ್ಟೋ ಸುಲಭ, ಯಾಕೆಂದರೆ ಇದರಿಂದ ಇನ್ನೊಬ್ಬರ ಬೀದಿ ಅಲುಗಾಡುವುದಿಲ್ಲ.

ಮನೆ ಬೆಲೆ. ಸ್ಯಾಂಡ್ರಾ ಬ್ಲಾಕ್ ಅನ್ನೋ ಅರ್ಥಶಾಸ್ತ್ರಜ್ಞೆ ಬಾಸ್ಟನ್ ಸುತ್ತಿನ ಊರುಗಳಲ್ಲಿ ಶಾಲಾ ಗಡಿಯ ಆಚೆ ಈಚೆ ಇರುವ ಮನೆಗಳನ್ನು ಹೋಲಿಸಿ ನೋಡಿದ್ದರು. ಅವರ ಸಂಶೋಧನೆ 1999ರಲ್ಲಿ ಬಂತು. ಪರೀಕ್ಷೆ ಅಂಕ ನೂರಕ್ಕೆ 5ರಷ್ಟು ಜಾಸ್ತಿ ಇರುವ ಶಾಲೆಯ ಕಡೆ ಮನೆಗೆ ಜನ ಸುಮಾರು ನೂರಕ್ಕೆ 2.5 ಜಾಸ್ತಿ ಕೊಡುತ್ತಾರೆ ಅಂತ ಕಂಡಿತು. ಅಂದರೆ ಶಾಲೆಗೂ ಬೆಲೆಗೂ ನಂಟು ಇದೆ, ಇಲ್ಲ ಅಂತ ಸುಳ್ಳು ಹೇಳೋದಿಲ್ಲ. ಆದರೆ ಗುಂಪಿನಲ್ಲಿ ಹೇಳುವ ಹಾಗೆ ಮನೆ ಮುಳುಗಿಹೋಗುವಷ್ಟು ಅಲ್ಲ. ಹೊಸ ಶಾಲೆಗೆ ಇನ್ನೂ ಅಂಕವೇ ಇಲ್ಲ, ಅದು ಕೆಟ್ಟದು ಅಂತ ತೀರ್ಮಾನ ಮಾಡಿದ್ದು ಯಾರು? ಅಲ್ಲಿಗೆ ಹೋಗೋದು ನಿಮ್ಮದೇ ಬಡಾವಣೆಯ ಮಕ್ಕಳು, ಅದೇ ಓದು, ಅದೇ ಅಪ್ಪ ಅಮ್ಮಂದಿರು. ಸಭೆಯಲ್ಲಿ ಮನೆ ಬೆಲೆ ಮಾತ್ರ ಎತ್ತಬೇಡಿ, ಎತ್ತಿದ ಕ್ಷಣಕ್ಕೆ ಮೇಜಿನ ಆ ಕಡೆ ಎಲ್ಲರ ಮುಖ ಕಲ್ಲಾಗುತ್ತೆ. ನನ್ನದೂ ಆಗುತ್ತಿತ್ತು.

ವೋಟಿಲ್ಲ ಅಂದಿರಿ. ಮಂಡಳಿಯ ಚುನಾವಣೆಗೆ ನಾಗರಿಕರಾಗಿರಬೇಕು, ನಿಜ. ಸಭೆಯಲ್ಲಿ ಮಾತಾಡೋಕೆ ಯಾರೂ ವೀಸಾ ಕೇಳೋದಿಲ್ಲ. ಅಲ್ಲಿ ಮನೆ ತೆರಿಗೆ ಕಟ್ಟುತ್ತೀರಿ, ನಿಮ್ಮ ಮಕ್ಕಳು ಆ ಶಾಲೆಯ ಮಕ್ಕಳು, ಅಷ್ಟು ಸಾಕು. ನಿಮ್ಮ ಭಾಗವನ್ನು ಪ್ರತಿನಿಧಿಸುವ ಮಂಡಳಿ ಸದಸ್ಯರು ಯಾರು ಅಂತ ನೋಡಿ ಅವರಿಗೊಂದು ಮೇಲ್ ಹಾಕಿ, ಮೊದಲ ಸಾಲಿನಲ್ಲೇ ಬಡಾವಣೆಯ ಹೆಸರು, ಮಕ್ಕಳ ತರಗತಿ, ನಿಮಿಷಗಳ ಲೆಕ್ಕ. ಎಲ್ಲರೂ ಒಂದೇ ಮೇಲ್ ಕಾಪಿ ಮಾಡಿ ಇನ್ನೂರು ಕಳಿಸಿದರೆ ಅದು ಒಂದೇ ಮೇಲ್ ಅಂತ ಲೆಕ್ಕ. ಬೇರೆ ಬೇರೆಯಾಗಿ ಹತ್ತು ಬಂದರೆ ಹತ್ತೂ ಓದುತ್ತಾರೆ. ಮೈಕಿನ ಮುಂದೆ ಸಿಗೋದು ಎರಡು ಮೂರು ನಿಮಿಷ. ಇಂಗ್ಲಿಷ್ ಉಚ್ಚಾರಣೆಗೆ ಹೆದರಬೇಡಿ, ಬರೆದುಕೊಂಡು ಹೋಗಿ ನಿಧಾನವಾಗಿ ಓದಿ. ಮೊದಲ ಕರಡು ಬಂದಾಗಲೇ ಹೋಗಿ. ಮೂರನೇ ಕರಡಿನ ಹೊತ್ತಿಗೆ ಒಂದು ಬೀದಿ ಅಲುಗಿಸಿದರೆ ಇನ್ನು ಐದು ಶಾಲೆಯ ಲೆಕ್ಕ ತಪ್ಪುತ್ತೆ, ಆಗ ಯಾರ ಮಾತೂ ನಡೆಯೋದಿಲ್ಲ.

ಕೊನೆಗೆ, ನೀವು ಕೇಳದೇ ಇದ್ದರೂ ನಾನು ಹೇಳಲೇಬೇಕಾದ್ದು ಆ ಇಯರ್ ರೌಂಡ್ ವಿಷಯ. ಮಕ್ಕಳನ್ನು ನಾಲ್ಕು ಟ್ರ್ಯಾಕ್, ಅಂದರೆ ಗುಂಪು, ಮಾಡಿ, ಸುಮಾರು 45 ದಿನ ಪಾಠ, 15 ದಿನ ರಜೆ ಅಂತ ಸುತ್ತಿಸುತ್ತಾರೆ. ಯಾವಾಗಲೂ ಒಂದು ಟ್ರ್ಯಾಕ್ ರಜೆಯಲ್ಲಿರುವುದರಿಂದ ಮೂರು ಪಾಲು ಮಕ್ಕಳ ಕಟ್ಟಡದಲ್ಲಿ ನಾಲ್ಕು ಪಾಲು ಹಿಡಿಸುತ್ತೆ. ಇದಕ್ಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು ಅಂತ ಕೆಲವರು ಕೋರ್ಟಿಗೆ ಹೋಗಿದ್ದರು. 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಬೇಕಿಲ್ಲ ಅಂದಿತು. ಹೊಸ ಶಾಲೆ ನಿಜಕ್ಕೂ ಇಯರ್ ರೌಂಡ್ ಆದರೆ ಹೊಸ ವರ್ಷದ ತರಗತಿ ಜುಲೈನಲ್ಲೇ ಶುರು. ಜೂನ್, ಜುಲೈ ಎರಡು ತಿಂಗಳು ಊರಿಗೆ ಹೋಗಿ ಅಜ್ಜಿ ಮನೆಯಲ್ಲಿ ಇರೋ ಪದ್ಧತಿ ಅಲ್ಲಿಗೆ ಮುಗೀತು. ಬದಲಿಗೆ ಮೂರು ಮೂರು ವಾರದ ರಜೆ ವರ್ಷದಲ್ಲಿ ನಾಲ್ಕು ಸಲ. ಒಳ್ಳೇ ಟ್ರ್ಯಾಕ್ ಬಿದ್ದರೆ ನವರಾತ್ರಿಗೆ ಊರಲ್ಲಿರಬಹುದು, ಟಿಕೆಟ್ಟೂ ಬೇಸಿಗೆಯಷ್ಟು ದುಬಾರಿ ಇರೋದಿಲ್ಲ. ಈ ಕ್ಯಾಲೆಂಡರ್ ಬೇಡ ಅನ್ನುವವರು ಬೇರೆ ಕ್ಯಾಲೆಂಡರಿನ ಶಾಲೆಗೆ ಅರ್ಜಿ ಹಾಕಬಹುದು, ಸೀಟು ಇದ್ದರೆ ಸಿಗುತ್ತೆ. ಇಬ್ಬರು ಮಕ್ಕಳೂ ಒಂದೇ ಶಾಲೆಗೆ ಹೋಗೋದಾದರೆ ಒಂದೇ ಟ್ರ್ಯಾಕ್ ಬೇಕು ಅಂತ ಅರ್ಜಿಯಲ್ಲೇ ಬರೆಯಿರಿ, ಆಮೇಲೆ ಕೇಳಿದರಾಯಿತು ಅಂತ ಬಿಡಬೇಡಿ. ಶಾಲೆ, ಟ್ರ್ಯಾಕ್ ಯಾವುದು ಅಂತ ಗೊತ್ತಾಗುವವರೆಗೆ ಮುಂದಿನ ಬೇಸಿಗೆಯ ಬೆಂಗಳೂರು ಟಿಕೆಟ್ ಬುಕ್ ಮಾಡಬೇಡಿ.